ಎರಾಸ್ಮಸ್: ಯುರೋಪಿನ ವಿಶ್ವವಿದ್ಯಾಲಯಗಳ ವಿದ್ಯಾರ್ಥಿ ವಿನಿಮಯ

ಎರಾಸ್ಮಸ್ ಯುರೋಪಿಯನ್ ಒಕ್ಕೂಟದ ವಿದ್ಯಾರ್ಥಿ ವಿನಿಮಯ ಯೋಜನೆ. ಒಂದು ದೇಶದ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವವರು ಒಂದೆರಡು ಸೆಮಿಸ್ಟರ್ ಮಟ್ಟಿಗೆ ಬೇರೆ ದೇಶದ ವಿಶ್ವವಿದ್ಯಾಲಯಕ್ಕೆ ಹೋಗುತ್ತಾರೆ. ಅಲ್ಲಿ ತೇರ್ಗಡೆಯಾದ ವಿಷಯಗಳು ತವರಿನ ಪದವಿಯ ಲೆಕ್ಕಕ್ಕೇ ಜಮೆಯಾಗುತ್ತವೆ. 1987ರ ಜೂನ್ 15ರಂದು ಆಗಿನ ಯುರೋಪಿಯನ್ ಸಮುದಾಯದ ಮಂತ್ರಿಮಂಡಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಮೊದಲ ವರ್ಷ 11 ದೇಶಗಳ 3,244 ವಿದ್ಯಾರ್ಥಿಗಳು ಹೊರಟರು. 2013ರ ಹೊತ್ತಿಗೆ ಹೋಗಿಬಂದವರ ಸಂಖ್ಯೆ 30 ಲಕ್ಷ ಮುಟ್ಟಿತ್ತು. ವಿದೇಶ ವ್ಯಾಸಂಗ ಎಂದೊಡನೆ ನಮ್ಮಲ್ಲಿ ವೀಸಾ, ಬ್ಯಾಂಕ್ ಸಾಲ, ಇಂಗ್ಲಿಷ್ ಪರೀಕ್ಷೆಯ ಅಂಕ ಇವೇ ಮೊದಲು ನೆನಪಾಗುತ್ತವೆ. ಎರಾಸ್ಮಸ್‌ನ ಚರಿತ್ರೆಯಲ್ಲಿ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಒಂದಿದೆ: ಹೊರಗೆ ಕಲಿತದ್ದನ್ನು ತವರು ವಿಶ್ವವಿದ್ಯಾಲಯ ಒಪ್ಪುತ್ತದೆಯೇ, ಇಲ್ಲವೇ? ಯೋಜನೆ ಹುಟ್ಟಿದ್ದು ಈ ಪ್ರಶ್ನೆಯಿಂದ. ಸುಮಾರು ನಾಲ್ಕು ದಶಕಗಳಿಂದ ಅದು ಹೆಣಗುತ್ತ ಬಂದಿರುವುದೂ ಇದರೊಂದಿಗೇ.

ಯೋಜನೆಯ ಹೆಸರು ಡೆಸಿಡೇರಿಯಸ್ ಎರಾಸ್ಮಸ್‌ನದು (ಸು. 1466–1536). ರಾಟರ್‌ಡ್ಯಾಮ್‌ನಲ್ಲಿ ಹುಟ್ಟಿದ ಈ ವಿದ್ವಾಂಸ ಪ್ಯಾರಿಸ್‌ನಲ್ಲಿ ಓದಿದ, 1506ರಲ್ಲಿ ಟ್ಯೂರಿನ್‌ನಲ್ಲಿ ದೇವತಾಶಾಸ್ತ್ರದ ಡಾಕ್ಟರೇಟ್ ಪಡೆದ, ಕೇಂಬ್ರಿಡ್ಜ್‌ನಲ್ಲಿ ಪಾಠ ಹೇಳಿದ, ಲೂವೆನ್, ಫ್ರೈಬರ್ಗ್‌ಗಳಲ್ಲಿ ನೆಲೆಸಿ ಕೊನೆಗೆ ಬಾಸೆಲ್‌ನಲ್ಲಿ ತೀರಿಕೊಂಡ. ಅವನ ಕಾಲದಲ್ಲಿ ಇಂಥ ಅಲೆದಾಟ ಅಪರೂಪವಾಗಿರಲಿಲ್ಲ. ಬೊಲೋನ್ಯ, ಪ್ಯಾರಿಸ್, ಪ್ರಾಗ್‌ಗಳಲ್ಲಿ ಪರದೇಶಿ ವಿದ್ಯಾರ್ಥಿಗಳು ತಮ್ಮ ತಮ್ಮ ನಾಡಿನವರ ಕೂಟ ಕಟ್ಟಿಕೊಂಡು ಇರುತ್ತಿದ್ದರು. 1155ರ ಸುಮಾರಿಗೆ ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸಾ ಹೊರಡಿಸಿದ ‘ಹಬೀಟಾ’ ಎಂಬ ಶಾಸನ, ವಿದ್ಯೆಗಾಗಿ ಊರು ಬಿಟ್ಟು ಬಂದವರಿಗೆ ರಕ್ಷಣೆ ಕೊಟ್ಟಿತು. ಒಬ್ಬನ ಸಾಲಕ್ಕೆ ಅವನ ನಾಡಿನ ಇನ್ನೊಬ್ಬ ವಿದ್ಯಾರ್ಥಿಯನ್ನು ಹಿಡಿದು ವಸೂಲಿ ಮಾಡಬಾರದು ಎಂದು ಅದರಲ್ಲಿ ಸ್ಪಷ್ಟವಾಗಿ ಹೇಳಿತ್ತು. ಪಾಠವೆಲ್ಲ ಲ್ಯಾಟಿನ್‌ನಲ್ಲಿ ನಡೆಯುತ್ತಿತ್ತು. ದೊಡ್ಡ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದವನಿಗೆ ಎಲ್ಲಿ ಬೇಕಾದರೂ ಪಾಠ ಹೇಳುವ ಹಕ್ಕು ತಾನಾಗಿ ಬರುತ್ತಿತ್ತು. ರಾಷ್ಟ್ರಗಳು ಗಟ್ಟಿಯಾಗಿ, ಪದವಿ ಎನ್ನುವುದು ಆಯಾ ಸರ್ಕಾರದ ನೌಕರಿಗೆ ಅರ್ಹತಾಪತ್ರವಾದ ಮೇಲೆ ಈ ಪರಸ್ಪರ ಒಪ್ಪಿಗೆ ಕಡಿದುಹೋಯಿತು. ಇಪ್ಪತ್ತನೆಯ ಶತಮಾನದ ನಡುವಿಗೆ ಬರುವಾಗ ರೋಮ್‌ನ ಕಚೇರಿಗೆ ನ್ಯೂಯಾರ್ಕ್‌ನ ಅಂಕಪಟ್ಟಿ ಅರ್ಥವಿಲ್ಲದ ಕಾಗದವಾಗಿತ್ತು.

ಆ ಅನುಭವ ಆದದ್ದು ಸೋಫಿಯಾ ಕೊರಾದಿ ಅವರಿಗೆ. ರೋಮ್‌ನ ಸಾಪಿಯೆಂಜಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದುತ್ತಿದ್ದ ಅವರು 1957–58ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋಗಿ ತೌಲನಿಕ ಕಾನೂನಿನಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಊರಿಗೆ ಮರಳಿ ಆ ವ್ಯಾಸಂಗವನ್ನು ಲೆಕ್ಕಕ್ಕೆ ಹಿಡಿಯಿರಿ ಎಂದು ಕೇಳಿದರೆ ಕಚೇರಿಯವರು ಒಪ್ಪಲಿಲ್ಲ; ಓದುವುದು ಬಿಟ್ಟು ಅಮೆರಿಕ ಸುತ್ತಿ ಬಂದವಳು ಎಂಬಂತೆ ಎಲ್ಲರೆದುರು ಗದರಿಸಿದರು. ಕೊರಾದಿ ಉಳಿದ ಪರೀಕ್ಷೆಗಳನ್ನು ಕಟ್ಟಿ ಪದವಿ ಮುಗಿಸಿದರು, ಆದರೆ ಆ ಅವಮಾನವನ್ನು ಮರೆಯಲಿಲ್ಲ. ಇಟಲಿಯ ಕುಲಪತಿಗಳ ಒಕ್ಕೂಟಕ್ಕೆ ಸಲಹೆಗಾರರಾದಾಗ, 1969ರಲ್ಲಿ ಒಂದು ಟಿಪ್ಪಣಿ ಸಿದ್ಧಪಡಿಸಿದರು. ವಿದ್ಯಾರ್ಥಿ ಮೊದಲೇ ಅನುಮತಿ ಪಡೆದ ಪಾಠಯೋಜನೆಯಂತೆ ವಿದೇಶದಲ್ಲಿ ಓದಿ ಬಂದರೆ, ಅದನ್ನು ತವರು ವಿಶ್ವವಿದ್ಯಾಲಯ ಮಾನ್ಯ ಮಾಡಬೇಕು ಎಂಬುದು ಅದರ ತಿರುಳು. ಅಲ್ಲಿಂದ ಹದಿನೆಂಟು ವರ್ಷ ಅವರು ಸಚಿವರು, ಕುಲಪತಿಗಳು, ಅಧಿಕಾರಿಗಳು ಎನ್ನದೆ ಎಡತಾಕಿದರು. ಇಟಲಿಯವರು ಅವರನ್ನು ‘ಮಮ್ಮಾ ಎರಾಸ್ಮಸ್’ ಎಂದು ಕರೆದದ್ದು ಅದಕ್ಕೆ. 2016ರಲ್ಲಿ ಸ್ಪೇನ್‌ನ ಯುಸ್ತೆಯಲ್ಲಿ ಅವರಿಗೆ ಐದನೆಯ ಚಾರ್ಲ್ಸ್ ಹೆಸರಿನ ಯುರೋಪಿಯನ್ ಪ್ರಶಸ್ತಿ ಸಂದಿತು. 2025ರ ಅಕ್ಟೋಬರ್‌ನಲ್ಲಿ, 91ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಲಕ್ಷಾಂತರ ಯುವಜನರ ಬದುಕಿನ ದಿಕ್ಕು ಬದಲಿಸಿದ ಈ ಹೆಣ್ಣುಮಗಳ ಹೆಸರು ನಮ್ಮ ಶಿಕ್ಷಣ ಚರ್ಚೆಗಳಲ್ಲಿ ಇನ್ನೂ ಹೆಚ್ಚು ಕೇಳಿಬರಬೇಕು.

ಕೊರಾದಿಯವರೊಬ್ಬರಿಂದಲೇ ಯೋಜನೆ ಬಂತೆಂದರೆ ತಪ್ಪಾದೀತು. 1976ರಲ್ಲಿ ಯುರೋಪಿಯನ್ ಸಮುದಾಯದ ಶಿಕ್ಷಣ ಸಚಿವರು ‘ಜಂಟಿ ಅಧ್ಯಯನ ಕಾರ್ಯಕ್ರಮ’ಗಳಿಗೆ ಸಣ್ಣ ಮೊತ್ತದ ನೆರವು ಕೊಡಲು ಒಪ್ಪಿದ್ದರು, ಹತ್ತು ವರ್ಷ ನಡೆದ ಆ ಪ್ರಯೋಗದಲ್ಲಿ ವಿಭಾಗಗಳ ಮಟ್ಟದ ನೂರಾರು ಸಂಬಂಧಗಳು ಕುದುರಿದವು. 1985ರಲ್ಲಿ ಲಕ್ಸೆಂಬರ್ಗ್‌ನ ಯುರೋಪಿಯನ್ ನ್ಯಾಯಾಲಯ ಗ್ರಾವಿಯೆ ಪ್ರಕರಣದಲ್ಲಿ ಒಂದು ತೀರ್ಪು ಕೊಟ್ಟಿತು. ಬೆಲ್ಜಿಯಂನ ಲಿಯೇಜ್‌ನಲ್ಲಿ ಕಾಮಿಕ್ಸ್ ಚಿತ್ರಕಥೆಯ ಕಲೆ ಕಲಿಯಲು ಬಂದ ಫ್ರೆಂಚ್ ವಿದ್ಯಾರ್ಥಿನಿಯಿಂದ, ಬೆಲ್ಜಿಯನ್ನರಿಗೆ ಇಲ್ಲದ ಹೆಚ್ಚುವರಿ ಶುಲ್ಕ ಕೇಳಿದ್ದು ಭೇದಭಾವವೆಂದು ಅದು ಹೇಳಿತು. ನೆರೆದೇಶದ ವಿದ್ಯಾರ್ಥಿಯನ್ನು ಶುಲ್ಕದ ವಿಷಯದಲ್ಲಿ ಪರಕೀಯನಾಗಿ ಕಾಣುವಂತಿಲ್ಲ ಎಂಬ ತತ್ವ ಹೀಗೆ ಕಾನೂನಿನಲ್ಲಿ ನೆಲೆಗೊಂಡಿತು. ಮುಂದೆ ಸ್ಪೇನ್‌ನ ಮಾನ್ವೆಲ್ ಮರೀನ್ ಯುರೋಪಿಯನ್ ಆಯೋಗದ ಆಯುಕ್ತರಾಗಿ ಎರಾಸ್ಮಸ್ ಪ್ರಸ್ತಾವವನ್ನು ಮುಂದಿಟ್ಟಾಗ ದೊಡ್ಡ ದೇಶಗಳೇ ಹಣದ ವಿಚಾರದಲ್ಲಿ ಹಿಂದೇಟು ಹಾಕಿದವು. ಒಂದು ಹಂತದಲ್ಲಿ ಆಯೋಗ ಪ್ರಸ್ತಾವವನ್ನೇ ವಾಪಸು ಪಡೆದಿತ್ತು. ವಿದ್ಯಾರ್ಥಿ ಸಂಘಟನೆಗಳ ಒತ್ತಡ, ಫ್ರಾನ್ಸ್‌ನ ಅಧ್ಯಕ್ಷ ಮಿತ್ತರಾಂ ಅವರ ಬೆಂಬಲ ಸೇರಿ ಅದು ಮತ್ತೆ ಮೇಜಿನ ಮೇಲೆ ಬಂತು.

ಕಲಿಕಾ ಒಪ್ಪಂದ

ಎರಾಸ್ಮಸ್‌ನ ಹೃದಯ ಇರುವುದು ಒಂದು ಸಾಧಾರಣ ನಮೂನೆಯಲ್ಲಿ. ಸ್ಪೇನ್‌ನ ಸಾಲಮಾಂಕಾದಲ್ಲಿ ರಸಾಯನಶಾಸ್ತ್ರ ಓದುವ ವಿದ್ಯಾರ್ಥಿನಿ ಆಸ್ಟ್ರಿಯದ ಗ್ರಾಜ್‌ಗೆ ಒಂದು ಸೆಮಿಸ್ಟರ್ ಹೋಗಬೇಕು ಎಂದಿಟ್ಟುಕೊಳ್ಳೋಣ. ಎರಡೂ ವಿಶ್ವವಿದ್ಯಾಲಯಗಳ ನಡುವೆ ಮೊದಲು ವಿನಿಮಯ ಕರಾರು ಆಗಿರಬೇಕು. ಆಕೆ ಗ್ರಾಜ್‌ನ ಪಠ್ಯಸೂಚಿ ಹರಡಿಕೊಂಡು ತಾನು ಅಲ್ಲಿ ತೆಗೆದುಕೊಳ್ಳುವ ವಿಷಯಗಳನ್ನು ಒಂದು ಕೋಷ್ಟಕದಲ್ಲಿ ಬರೆಯುತ್ತಾಳೆ. ಅವುಗಳ ಬದಲಿಗೆ ಸಾಲಮಾಂಕಾದಲ್ಲಿ ಯಾವ ವಿಷಯಗಳಿಂದ ಬಿಡುಗಡೆ ಸಿಗಬೇಕೆಂದು ಇನ್ನೊಂದು ಕೋಷ್ಟಕದಲ್ಲಿ ಬರೆಯುತ್ತಾಳೆ. ವಿಷಯಕ್ಕೆ ವಿಷಯ ಹೊಂದಬೇಕೆಂಬ ಹಟವಿಲ್ಲ. ಕಲಿಕೆಯ ಒಟ್ಟು ಫಲ, ಒಟ್ಟು ಕ್ರೆಡಿಟ್ ಹೊಂದಿದರೆ ಸಾಕು. ಇದಕ್ಕೆ ವಿದ್ಯಾರ್ಥಿನಿ, ತವರು ವಿಶ್ವವಿದ್ಯಾಲಯ, ಆತಿಥೇಯ ವಿಶ್ವವಿದ್ಯಾಲಯ ಮೂವರೂ ಸಹಿ ಹಾಕಬೇಕು, ಅದೂ ಆಕೆ ರೈಲು ಹತ್ತುವ ಮೊದಲೇ.

ಗ್ರಾಜ್‌ಗೆ ಹೋದ ಮೇಲೆ ಒಂದು ಪ್ರಯೋಗಶಾಲೆಯ ತರಗತಿ ಭರ್ತಿಯಾಗಿರಬಹುದು, ಇನ್ನೊಂದರ ವೇಳೆ ಡಿಕ್ಕಿ ಹೊಡೆಯಬಹುದು. ಆಗ ಬದಲಾವಣೆಯನ್ನೂ ಬರೆದು ಮೂವರ ಸಹಿ ಮತ್ತೆ ಪಡೆಯಬೇಕು. ಸೆಮಿಸ್ಟರ್ ಮುಗಿದ ಮೇಲೆ ಗ್ರಾಜ್‌ನಿಂದ ಟ್ರಾನ್ಸ್‌ಕ್ರಿಪ್ಟ್ ಹೋಗುತ್ತದೆ. ಸಹಿಯಾದ ಒಪ್ಪಂದದಲ್ಲಿದ್ದು, ಆಕೆ ಪಾಸಾದ ವಿಷಯಗಳನ್ನು ಸಾಲಮಾಂಕಾ ಮರುಪರೀಕ್ಷೆ ಕೇಳದೆ, ಕೊಸರಾಡದೆ ಒಪ್ಪಬೇಕು. ಕೊರಾದಿಯವರ ಟಿಪ್ಪಣಿಯಲ್ಲಿದ್ದ ಮಾತು ಇದೇ. ಮರಳಿ ಬಂದ ಮೇಲೆ ಕಚೇರಿಯ ಕಿಟಕಿಯಲ್ಲಿ ನಿಂತು ಗೋಗರೆಯುವ ಸ್ಥಿತಿ ವಿದ್ಯಾರ್ಥಿಗೆ ಬರಬಾರದೆಂದು ವಾದವನ್ನೆಲ್ಲ ಹೊರಡುವ ಮೊದಲೇ ಮುಗಿಸುವ ಉಪಾಯ ಇದು. ಈಗ ಕಾಗದದ ಜಾಗಕ್ಕೆ ಆನ್‌ಲೈನ್ ಒಪ್ಪಂದ ಬಂದಿದೆ, ತತ್ವ ಬದಲಾಗಿಲ್ಲ.

ಆತಿಥೇಯ ವಿಶ್ವವಿದ್ಯಾಲಯ ಬೋಧನಾ ಶುಲ್ಕ ಕೇಳುವಂತಿಲ್ಲ. ವಿದ್ಯಾರ್ಥಿ ತನ್ನ ತವರಿನ ಶುಲ್ಕವನ್ನಷ್ಟೇ ಕಟ್ಟುತ್ತಾನೆ. ಓದಿಗಾಗಿ ಹೋಗುವವರು ಸಾಮಾನ್ಯವಾಗಿ ಕನಿಷ್ಠ ಎರಡು ತಿಂಗಳು ಇರಬೇಕು. ಸ್ನಾತಕ, ಸ್ನಾತಕೋತ್ತರ, ಡಾಕ್ಟರೇಟ್ ಈ ಒಂದೊಂದು ಹಂತದಲ್ಲೂ ಒಟ್ಟು 12 ತಿಂಗಳವರೆಗೆ ಅವಕಾಶವಿದೆ. ಹೋಗುವ ದೇಶದ ಜೀವನವೆಚ್ಚ ನೋಡಿ ಮಾಸಿಕ ನೆರವು ನಿಗದಿಯಾಗುತ್ತದೆ. 2007ರಿಂದ ಕಂಪನಿಗಳಲ್ಲಿ ತರಬೇತಿಗೆ ಹೋಗುವುದಕ್ಕೂ, 2021ರಿಂದ ಆನ್‌ಲೈನ್ ಕಲಿಕೆಯ ಜೊತೆ 5ರಿಂದ 30 ದಿನ ಮಾತ್ರ ಹೋಗಿಬರುವುದಕ್ಕೂ ದಾರಿ ಮಾಡಿದ್ದಾರೆ. ಮನೆ ಬಿಟ್ಟು ಬಹಳ ದಿನ ಇರಲಾಗದವರಿಗೆ, ಕೆಲಸ ಮಾಡುತ್ತ ಓದುವವರಿಗೆ ಈ ಕೊನೆಯದು ನಿಜವಾದ ಉಪಕಾರ.

ಕ್ರೆಡಿಟ್ ಮತ್ತು ಅಂಕ

ಒಪ್ಪಂದಕ್ಕೆ ಸಹಿ ಹಾಕಲು ಎರಡೂ ಕಡೆಯವರಿಗೆ ಒಂದೇ ಅಳತೆಗೋಲು ಬೇಕಲ್ಲವೇ? ಅದಕ್ಕಾಗಿ 1989ರಲ್ಲಿ ಯುರೋಪಿಯನ್ ಕ್ರೆಡಿಟ್ ವರ್ಗಾವಣೆ ವ್ಯವಸ್ಥೆಯನ್ನು ಪ್ರಾಯೋಗಿಕವಾಗಿ ಶುರುಮಾಡಿದರು. ವ್ಯವಹಾರ ಆಡಳಿತ, ರಸಾಯನಶಾಸ್ತ್ರ, ಇತಿಹಾಸ, ಮೆಕ್ಯಾನಿಕಲ್ ಎಂಜಿನಿಯರಿಂಗ್, ವೈದ್ಯಕೀಯ ಈ ಐದೇ ವಿಷಯಗಳಲ್ಲಿ, 145 ಸಂಸ್ಥೆಗಳಲ್ಲಿ ಅದರ ಪರೀಕ್ಷೆ ನಡೆಯಿತು. ಪೂರ್ಣಾವಧಿ ವಿದ್ಯಾರ್ಥಿಯ ಒಂದು ವರ್ಷದ ದುಡಿಮೆ 60 ಕ್ರೆಡಿಟ್, ಸೆಮಿಸ್ಟರ್‌ಗೆ 30. ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆಗಳ ದುಡಿಮೆ. ಗಮನಿಸಬೇಕಾದ ಸಂಗತಿ ಎಂದರೆ, ಇಲ್ಲಿ ಎಣಿಕೆಗೆ ಬರುವುದು ಅಧ್ಯಾಪಕರು ತರಗತಿಯಲ್ಲಿ ನಿಂತ ಗಂಟೆಗಳು ಮಾತ್ರವಲ್ಲ. ವಿದ್ಯಾರ್ಥಿ ಗ್ರಂಥಾಲಯದಲ್ಲಿ ಕೂತದ್ದು, ವರದಿ ಬರೆದದ್ದು, ಪರೀಕ್ಷೆಗೆ ಓದಿಕೊಂಡದ್ದು ಎಲ್ಲವೂ ಸೇರುತ್ತವೆ. ಬೋಧನೆಯಿಂದ ಕಲಿಕೆಯ ಕಡೆಗೆ ಅಳತೆಯನ್ನು ತಿರುಗಿಸಿದ ಈ ಹೆಜ್ಜೆ, ವಿನಿಮಯಕ್ಕಿಂತ ದೊಡ್ಡ ಸುಧಾರಣೆ ಎಂದರೂ ಸಲ್ಲುತ್ತದೆ.

ಕ್ರೆಡಿಟ್ ಹೊಂದಿಸಿದಷ್ಟು ಸಲೀಸಾಗಿ ಅಂಕಗಳನ್ನು ಹೊಂದಿಸಲಾಗಲಿಲ್ಲ. ಇಟಲಿಯಲ್ಲಿ 30ಕ್ಕೆ ಅಂಕ, 18 ಬಂದರೆ ಪಾಸು. ಫ್ರಾನ್ಸ್‌ನಲ್ಲಿ 20ಕ್ಕೆ, ಅಲ್ಲಿ 16 ಬಂದವರನ್ನು ಅತ್ಯುತ್ತಮರೆಂದು ಎಣಿಸುತ್ತಾರೆ, 20ಕ್ಕೆ 20 ಕಾಣಸಿಗುವುದೇ ಕಷ್ಟ. ಜರ್ಮನಿಯಲ್ಲಿ ಲೆಕ್ಕ ತಿರುವುಮುರುವು: 1 ಶ್ರೇಷ್ಠ, 4 ಕನಿಷ್ಠ ಪಾಸು, 5 ನಪಾಸು. ಡೆನ್ಮಾರ್ಕ್‌ನ ಮಾಪಕ ಮೈನಸ್ 3ರಿಂದ 12ರವರೆಗೆ. ಬ್ರಿಟನ್‌ನಲ್ಲಿ 70 ದಾಟಿದರೆ ಪ್ರಥಮ ದರ್ಜೆ. ಫ್ರಾನ್ಸ್‌ನ 14ನ್ನು ನೇರ ಶೇಕಡಾ 70 ಎಂದು ಗುಣಿಸಿ ಬರೆದರೆ ಒಳ್ಳೆಯ ವಿದ್ಯಾರ್ಥಿಗೆ ಸಾಧಾರಣನ ಪಟ್ಟ ಕಟ್ಟಿದಂತಾಗುತ್ತದೆ. ಮೊದಲು ಪಾಸಾದವರಲ್ಲಿ ಮೇಲಿನ ಶೇಕಡಾ 10 ಮಂದಿಗೆ ‘ಎ’, ನಂತರದ 25ಕ್ಕೆ ‘ಬಿ’, ಮುಂದಿನ 30ಕ್ಕೆ ‘ಸಿ’ ಎಂಬ ಸಾಮಾನ್ಯ ಶ್ರೇಣಿ ತಂದು ನೋಡಿದರು. ಅದು ಕೈಹಿಡಿಯಲಿಲ್ಲ. 2009ರಲ್ಲಿ ಅದನ್ನು ಬಿಟ್ಟು, ಪ್ರತಿ ವಿಶ್ವವಿದ್ಯಾಲಯವೂ ತನ್ನಲ್ಲಿ ಯಾವ ಅಂಕ ಎಷ್ಟು ಮಂದಿಗೆ ಸಿಗುತ್ತದೆ ಎಂಬ ಹಂಚಿಕೆಯ ಪಟ್ಟಿಯನ್ನು ಪ್ರಕಟಿಸಲಿ, ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ತಾಳೆ ನೋಡಲಿ ಎಂದರು. ಕೆಲವು ವಿಶ್ವವಿದ್ಯಾಲಯಗಳು ಅದನ್ನು ಶ್ರದ್ಧೆಯಿಂದ ಮಾಡುತ್ತವೆ, ಹಲವು ಮಾಡುವುದಿಲ್ಲ. ಒಪ್ಪಂದ ಕೈಯಲ್ಲಿದ್ದೂ ಒಂದೆರಡು ವಿಷಯಕ್ಕೆ ಮಾನ್ಯತೆ ಸಿಗದೆ ಊರಿನಲ್ಲಿ ಮತ್ತೆ ಪರೀಕ್ಷೆ ಬರೆಯುವವರು ಇಂದಿಗೂ ಇದ್ದಾರೆ. ಅದಕ್ಕೆ ನೆಪ ಬಹುಮಟ್ಟಿಗೆ ಒಂದೇ: ನಮ್ಮ ಪಠ್ಯಕ್ರಮದ ಹಾಗಿಲ್ಲ.

ಈ ನೆಪಕ್ಕೆ ಕಾನೂನಿನ ಉತ್ತರ 1997ರ ಲಿಸ್ಬನ್ ಮಾನ್ಯತಾ ಒಡಂಬಡಿಕೆ. ಯುರೋಪ್ ಪರಿಷತ್ತು, ಯುನೆಸ್ಕೊ ಸೇರಿ ರೂಪಿಸಿದ ಈ ಒಡಂಬಡಿಕೆಯ ಪ್ರಕಾರ, ಹೊರಗಿನ ವ್ಯಾಸಂಗವನ್ನು ನಿರಾಕರಿಸುವ ಸಂಸ್ಥೆಯೇ ಅದರಲ್ಲಿ ಗಣನೀಯ ವ್ಯತ್ಯಾಸವಿದೆ ಎಂದು ತೋರಿಸಿಕೊಡಬೇಕು. ಸಾಬೀತು ಮಾಡುವ ಹೊಣೆ ವಿದ್ಯಾರ್ಥಿಯ ತಲೆಯಿಂದ ಕಚೇರಿಯ ತಲೆಗೆ ದಾಟಿತು. ಮಾರನೆಯ ವರ್ಷ ಪ್ಯಾರಿಸ್‌ನ ಸೋರ್ಬಾನ್‌ನಲ್ಲಿ ನಾಲ್ಕು ದೇಶಗಳ ಸಚಿವರು, 1999ರ ಜೂನ್ 19ರಂದು ಬೊಲೋನ್ಯದಲ್ಲಿ 29 ದೇಶಗಳ ಪ್ರತಿನಿಧಿಗಳು ಪದವಿಗಳ ಚೌಕಟ್ಟನ್ನೇ ಸಮೀಪ ತರಲು ಒಪ್ಪಿದರು. ಜರ್ಮನಿಯ ‘ಡಿಪ್ಲೋಮ್’, ಇಟಲಿಯ ‘ಲಾವ್ರೆಯಾ’ದಂಥ ದೀರ್ಘ ಪದವಿಗಳು ಒಡೆದು ಸ್ನಾತಕ–ಸ್ನಾತಕೋತ್ತರ ಎಂದಾದದ್ದು ಅದರ ಫಲ. ಅದನ್ನು ವಿರೋಧಿಸಿ ಅನೇಕ ದೇಶಗಳಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದದ್ದೂ ಉಂಟು.

ಯಾರು ಹೋಗುತ್ತಾರೆ

ಸ್ಪೇನ್ ಬಹುಕಾಲದಿಂದ ಅತಿಹೆಚ್ಚು ಎರಾಸ್ಮಸ್ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುವ ದೇಶ. ಬಾರ್ಸಿಲೋನದ ಒಂದೇ ಮನೆಯಲ್ಲಿ ಹಲವು ದೇಶದವರು ಕೂಡಿ ಬದುಕುವ ಕಥೆಯ, ಸೆದ್ರಿಕ್ ಕ್ಲಾಪಿಶ್ ನಿರ್ದೇಶನದ 2002ರ ಫ್ರೆಂಚ್ ಚಿತ್ರ ‘ಲೋಬೆರ್ಜ್ ಎಸ್ಪಾನ್ಯೋಲ್’ ಈ ಬದುಕಿಗೆ ದೊಡ್ಡ ಪ್ರಚಾರ ತಂದುಕೊಟ್ಟಿತು. 2014ರ ಒಂದು ಅಧ್ಯಯನದಲ್ಲಿ ಶೇಕಡಾ 27ರಷ್ಟು ಮಂದಿ ತಮ್ಮ ಬಾಳಸಂಗಾತಿ ಸಿಕ್ಕಿದ್ದು ವಿದೇಶದ ಆ ದಿನಗಳಲ್ಲೇ ಎಂದಿದ್ದರು. ಅದರ ಮೇಲೆ ಆಯೋಗ, 1987ರಿಂದ ಹತ್ತು ಲಕ್ಷ ‘ಎರಾಸ್ಮಸ್ ಶಿಶು’ಗಳು ಹುಟ್ಟಿರಬಹುದೆಂದು ಅಂದಾಜಿಸಿತು. ಪತ್ರಿಕೆಗಳಿಗೆ ಪ್ರಿಯವಾದ ಲೆಕ್ಕ ಇದು, ಆದರೆ ಅಂದಾಜು ಅಂದಾಜೇ.

ಹೆಚ್ಚು ಕಾಡಬೇಕಾದದ್ದು ಹೋಗದವರ ವಿಚಾರ. ನೆರವಿನ ಹಣ ಬಾಡಿಗೆಗೂ ಸಾಲದ ಊರುಗಳಿವೆ; ಕೊನೆಯ ಕಂತು ಮರಳಿದ ಮೇಲೆ ಕೈಸೇರುವುದು ರೂಢಿ. ಉಳಿದದ್ದನ್ನು ಮನೆಯವರು ತುಂಬಬೇಕು. ಹೀಗಾಗಿ ಓದಿದ ತಂದೆತಾಯಂದಿರ ಮಕ್ಕಳು ಹೆಚ್ಚು ಹೋಗುತ್ತಾರೆ, ಸಂಜೆ ಅಂಗಡಿಯಲ್ಲಿ ದುಡಿದು ಓದುವವರು ಹಿಂದುಳಿಯುತ್ತಾರೆ ಎಂಬುದನ್ನು ಸಂಶೋಧಕರು ಮತ್ತೆ ಮತ್ತೆ ತೋರಿಸಿದ್ದಾರೆ. 2020ರೊಳಗೆ ಪದವೀಧರರಲ್ಲಿ ಕನಿಷ್ಠ ಶೇಕಡಾ 20 ಮಂದಿ ಒಂದಿಷ್ಟು ಕಾಲ ವಿದೇಶದಲ್ಲಿ ಕಲಿತಿರಬೇಕೆಂದು 2009ರಲ್ಲಿ ಲೂವೆನ್‌ನಲ್ಲಿ ಸೇರಿದ ಸಚಿವರು ಗುರಿ ಇಟ್ಟಿದ್ದರು, ಅದು ಈಡೇರಲಿಲ್ಲ. ಬಡ ಕುಟುಂಬದವರಿಗೆ, ಅಂಗವಿಕಲರಿಗೆ ತಿಂಗಳಿಗೆ 250 ಯೂರೊ ಹೆಚ್ಚುವರಿ ನೆರವು 2021ರ ನಂತರದ ಅವಧಿಯಲ್ಲಿ ಬಂದಿದೆ. ಬಹಳ ತಡವಾಗಿ ಬಂದ ನ್ಯಾಯ ಇದು.

ರಾಜಕೀಯದ ಬಿಸಿಯೂ ವಿದ್ಯಾರ್ಥಿಗಳಿಗೆ ತಟ್ಟಿದೆ. 2014ರ ಫೆಬ್ರವರಿಯಲ್ಲಿ ಸ್ವಿಟ್ಜರ್ಲೆಂಡ್‌ನ ಜನಮತ ವಲಸೆಗೆ ಮಿತಿ ಹೇರಬೇಕೆಂದಿತು. ಅದರ ಬೆನ್ನಿಗೇ ಆ ದೇಶ ಎರಾಸ್ಮಸ್‌ನಿಂದ ಹೊರಬಿದ್ದು, ತನ್ನದೇ ಹಣದಲ್ಲಿ ಬೇರೆ ವಿನಿಮಯ ಯೋಜನೆ ನಡೆಸಬೇಕಾಯಿತು. ಒಕ್ಕೂಟ ಬಿಟ್ಟ ಬ್ರಿಟನ್ 2020ರ ಕೊನೆಗೆ ಎರಾಸ್ಮಸ್ಸನ್ನೂ ಬಿಟ್ಟು, ಟ್ಯೂರಿಂಗ್ ಯೋಜನೆ ತಂದಿತು. ಅದು ಬ್ರಿಟನ್ನಿನಿಂದ ಹೋಗುವವರಿಗೆ ಹಣ ಕೊಟ್ಟಿತೇ ಹೊರತು ಬರುವವರಿಗಲ್ಲ. ವಿನಿಮಯ ಎಂಬುದರ ಅರ್ಧ ಭಾಗವೇ ಅಲ್ಲಿ ಕಳೆದುಹೋಗಿತ್ತು. ಬರುವವರಿಗೂ ನೆರವಾಗಲೆಂದು ವೇಲ್ಸ್ ‘ಟೈತ್’ ಎಂಬ ಪ್ರತ್ಯೇಕ ಯೋಜನೆ ಮಾಡಿಕೊಂಡಿತು. 2025ರ ಡಿಸೆಂಬರ್‌ನಲ್ಲಿ ಬ್ರಿಟನ್ ಸರ್ಕಾರ 2027ರಲ್ಲಿ ಮತ್ತೆ ಎರಾಸ್ಮಸ್ ಸೇರುವುದಾಗಿ ಪ್ರಕಟಿಸಿತು. ಹಂಗೇರಿಯಲ್ಲಿ ವಿಶ್ವವಿದ್ಯಾಲಯಗಳನ್ನು ಸರ್ಕಾರದ ಆಪ್ತರಿರುವ ಟ್ರಸ್ಟ್‌ಗಳಿಗೆ ವಹಿಸಿದ ಕಾರಣ, 2022ರ ಡಿಸೆಂಬರ್‌ನಲ್ಲಿ ಅಂಥ ಸಂಸ್ಥೆಗಳಿಗೆ ಯುರೋಪಿಯನ್ ಒಕ್ಕೂಟದ ಹೊಸ ಹಣ ನಿಂತಿತು. ಆಡಳಿತದ ತಪ್ಪಿಗೆ ಇಪ್ಪತ್ತು ವರ್ಷದ ವಿದ್ಯಾರ್ಥಿಗಳು ದಂಡ ತೆರುವುದು ಸರಿಯೇ ಎಂಬ ಪ್ರಶ್ನೆಗೆ ಒಕ್ಕೂಟ ತೃಪ್ತಿಕರ ಉತ್ತರ ಕೊಟ್ಟಿಲ್ಲ.

ಶಾಲೆ, ವೃತ್ತಿ ತರಬೇತಿ, ಕ್ರೀಡೆ, ಯುವಜನ ಯೋಜನೆಗಳನ್ನೆಲ್ಲ ಒಂದೇ ಸೂರಿನಡಿ ತಂದು 2014ರಲ್ಲಿ ‘ಎರಾಸ್ಮಸ್ ಪ್ಲಸ್’ ಎಂದು ಹೆಸರಿಟ್ಟರು. 2014–20ರ ಅವಧಿಯಲ್ಲಿ ಅದರ ಬಜೆಟ್ 1,470 ಕೋಟಿ ಯೂರೊ ಇತ್ತು. 2021–27ಕ್ಕೆ ಸುಮಾರು 2,600 ಕೋಟಿ ಯೂರೊ.

ಎರಾಸ್ಮಸ್ ಮುಂಡುಸ್ ಮತ್ತು ಭಾರತ

ಯುರೋಪಿನ ಹೊರಗಿನವರಿಗೆ ಬಾಗಿಲು ತೆರೆದದ್ದು 2004ರಲ್ಲಿ ಶುರುವಾದ ಎರಾಸ್ಮಸ್ ಮುಂಡುಸ್. ಬೇರೆ ಬೇರೆ ದೇಶಗಳ ವಿಶ್ವವಿದ್ಯಾಲಯಗಳು ಕೂಡಿ ಒಂದು ಸ್ನಾತಕೋತ್ತರ ಪದವಿ ರೂಪಿಸುತ್ತವೆ. ವಿದ್ಯಾರ್ಥಿ ಕನಿಷ್ಠ ಎರಡು ದೇಶಗಳಲ್ಲಿ ಓದಿ ಜಂಟಿ ಪದವಿಯನ್ನೋ ಒಂದಕ್ಕಿಂತ ಹೆಚ್ಚು ಪದವಿಗಳನ್ನೋ ಪಡೆಯುತ್ತಾನೆ. ಆಯ್ಕೆಯಾದವರಿಗೆ ಈಗ ತಿಂಗಳಿಗೆ 1,400 ಯೂರೊ ಸಿಗುತ್ತದೆ, ಬೋಧನಾ ಶುಲ್ಕವಿಲ್ಲ. ಆರಂಭದಿಂದಲೂ ಇದನ್ನು ಪಡೆದವರ ಸಾಲಿನಲ್ಲಿ ಭಾರತೀಯರು ಮುಂದಿದ್ದಾರೆ. ಇಲ್ಲಿಂದ ಅರ್ಜಿ ಹಾಕುವವರು ಮೊದಲು ತಿಳಿಯಬೇಕಾದ ವಿಷಯವೊಂದಿದೆ: ಒಂದೊಂದು ಕೋರ್ಸಿಗೂ ಅದನ್ನು ನಡೆಸುವ ವಿಶ್ವವಿದ್ಯಾಲಯಗಳ ಕೂಟಕ್ಕೇ ನೇರ ಅರ್ಜಿ ಹೋಗಬೇಕು, ನಡುವೆ ಏಜೆಂಟರ ಅಗತ್ಯವೇ ಇಲ್ಲ.

ಕನ್ನಡಕ್ಕೆ ವಿದೇಶ ವ್ಯಾಸಂಗದ ಲಾಭ ಎರಾಸ್ಮಸ್‌ಗಿಂತ ಹಳೆಯದು. ಯು.ಆರ್. ಅನಂತಮೂರ್ತಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಗ ‘ಸಂಸ್ಕಾರ’ ಬರೆದರು. ಗಿರೀಶ ಕಾರ್ನಾಡರು ರೋಡ್ಸ್ ವಿದ್ಯಾರ್ಥಿಯಾಗಿ ಆಕ್ಸ್‌ಫರ್ಡ್‌ನಲ್ಲಿ ಓದಿದರು. ಎ.ಕೆ. ರಾಮಾನುಜನ್ 1959ರಲ್ಲಿ ಫುಲ್‌ಬ್ರೈಟ್ ನೆರವಿನಿಂದ ಇಂಡಿಯಾನಾಗೆ ಹೋದರು. ಎದುರು ದಿಕ್ಕಿನ ಹರಿವೂ ಇದೆ. ಜರ್ಮನಿಯ ವ್ಯೂರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯದ ಭಾರತೀಯ ಅಧ್ಯಯನ ವಿಭಾಗದಲ್ಲಿ ಕನ್ನಡ, ತುಳು ಅಧ್ಯಯನ ನಡೆದಿದೆ. ಹೈಡ್ರೂನ್ ಬ್ರೂಕ್ನರ್ ಅಲ್ಲಿ ತುಳುವಿನ ಮೌಖಿಕ ಕಥನಗೀತೆಗಳಾದ ಪಾಡ್ದನಗಳ ಸಂಶೋಧನೆಗೆ ನೆಲೆ ಒದಗಿಸಿದರು, ಬಿ.ಎ. ವಿವೇಕ ರೈ ಅತಿಥಿ ಪ್ರಾಧ್ಯಾಪಕರಾಗಿ ಕಲಿಸಿದರು.

ಆದರೆ ಒಂದು ಸೆಮಿಸ್ಟರ್ ಹೊರಗೆ ಓದಿ, ಅದನ್ನು ಇಲ್ಲಿನ ಪದವಿಗೆ ಜಮೆ ಮಾಡಿಸುವ ದಾರಿ ನಮ್ಮ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಇನ್ನೂ ಕಿರಿದಾಗಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರಲ್ಲಿ ಹೊಸ ನಿಯಮಾವಳಿ ತಂದಿತು. ಅದರಂತೆ, ಇಲ್ಲಿನ ವಿಶ್ವವಿದ್ಯಾಲಯ ವಿದೇಶದ್ದರೊಂದಿಗೆ ಕೂಡಿ ನಡೆಸುವ ‘ಟ್ವಿನ್ನಿಂಗ್’ ವ್ಯವಸ್ಥೆಯಲ್ಲಿ ಪದವಿಯ ಶೇಕಡಾ 30ರವರೆಗಿನ ಕ್ರೆಡಿಟ್‌ಗಳನ್ನು ವಿದೇಶದಲ್ಲಿ ಗಳಿಸಬಹುದು. ಜಂಟಿ ಪದವಿಯಲ್ಲಿ ಎರಡೂ ಕಡೆ ಕನಿಷ್ಠ ಶೇಕಡಾ 30 ಇರಬೇಕು. 2021ರಲ್ಲಿ ಬಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, ಗಳಿಸಿದ ಕ್ರೆಡಿಟ್‌ಗಳನ್ನು ಖಾತೆಯಲ್ಲಿ ಇಡುತ್ತದೆ. ಇನ್ನು ಲೆಕ್ಕದ ಮಾತು. ನಮ್ಮ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ ವರ್ಷಕ್ಕೆ 1,200 ಗಂಟೆ, 40 ಕ್ರೆಡಿಟ್, ಯುರೋಪಿನಲ್ಲಿ 60. ವರ್ಷಕ್ಕೆ ವರ್ಷ ಹಿಡಿದರೆ ಇಲ್ಲಿನ 20 ಕ್ರೆಡಿಟ್‌ನ ಸೆಮಿಸ್ಟರ್ ಅಲ್ಲಿನ 30ಕ್ಕೆ ಸಮ. ಗಂಟೆಗೆ ಗಂಟೆ ಹಿಡಿದರೆ ಬೇರೆಯೇ ಉತ್ತರ ಬರುತ್ತದೆ. ಯಾವುದನ್ನು ಹಿಡಿಯುತ್ತೇವೆ ಎಂದು ವಿಶ್ವವಿದ್ಯಾಲಯ ಮೊದಲೇ ಬರೆದು ಪ್ರಕಟಿಸದಿದ್ದರೆ, ಮರಳಿ ಬಂದ ವಿದ್ಯಾರ್ಥಿ ಪರೀಕ್ಷಾ ವಿಭಾಗದ ಗುಮಾಸ್ತರ ಮರ್ಜಿ ಕಾಯಬೇಕಾಗುತ್ತದೆ.

ಕರ್ನಾಟಕದ ವಿಶ್ವವಿದ್ಯಾಲಯಗಳು ವಿದೇಶಿ ಸಂಸ್ಥೆಗಳೊಂದಿಗೆ ಒಡಂಬಡಿಕೆಗೆ ಸಹಿ ಹಾಕಿದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಆ ಕಾಗದದಿಂದ ಒಬ್ಬ ವಿದ್ಯಾರ್ಥಿಯಾದರೂ ಹೋಗಿಬರಬೇಕಾದರೆ ಬೇಕಾದ ಕೆಲಸ ತೀರ ಸಾಮಾನ್ಯವಾದದ್ದು: ಪ್ರತಿ ವಿಷಯದ ಪಠ್ಯಕ್ರಮವನ್ನು ಘಟಕವಾರು ಇಂಗ್ಲಿಷಿನಲ್ಲಿಯೂ ಜಾಲತಾಣದಲ್ಲಿ ಹಾಕುವುದು, ಅಂಕ ಹಂಚಿಕೆಯ ಪಟ್ಟಿ ಕೊಡುವುದು, ವಿಭಾಗಕ್ಕೊಬ್ಬ ಅಧ್ಯಾಪಕರಿಗೆ ಕಲಿಕಾ ಒಪ್ಪಂದಕ್ಕೆ ಸಹಿ ಹಾಕುವ ಅಧಿಕಾರ ಕೊಡುವುದು, ಟ್ರಾನ್ಸ್‌ಕ್ರಿಪ್ಟನ್ನು ತಿಂಗಳುಗಟ್ಟಲೆ ತಡಮಾಡದೆ ಕಳಿಸುವುದು. ಇವುಗಳಲ್ಲಿ ಯಾವುದಕ್ಕೂ ವಿಮಾನದ ಟಿಕೆಟ್ ಬೇಕಿಲ್ಲ; ಹೊಸ ಕಟ್ಟಡವೂ ಬೇಕಿಲ್ಲ. ಬರುವ ಶೈಕ್ಷಣಿಕ ವರ್ಷದಲ್ಲೇ ಶುರುಮಾಡಬಹುದು.